ನಾನು ನುಂಗಿದ ಸದ್ದು

ಅವರ ಹೆಸರು ಬರೆಯಬಾರದೆಂದು ದೊಡ್ಡಮ್ಮ, ಅಂದರೆ ಅವರ ಹೆಂಡತಿ, ಕಟ್ಟಪ್ಪಣೆ ಮಾಡಿದ್ದಾರೆ. "ಹೆಸರು ಬರೆದ್ರೆ ಆರ್‌ಟಿಓದವ್ರು ಓದ್ತಾರೆ ಕಣಪ್ಪಾ. ಕಿವಿ ಕೇಳ್ದಿರೋನು ಕಾರು ಓಡಿಸ್ತಿದ್ದ ಅಂತ ಗೊತ್ತಾದ್ರೆ ಮನೆಗೇ ಬರ್ತಾರೆ." ಸತ್ತವರಿಗೆ ದಂಡ ಹಾಕುವ ಕಾನೂನು ಇನ್ನೂ ಬಂದಿಲ್ಲ ದೊಡ್ಡಮ್ಮ ಎಂದೆ. "ನಿಂಗೇನು ಗೊತ್ತು, ದಿನಕ್ಕೊಂದು ಬರುತ್ತೆ" ಎಂದರು. ಆದ್ದರಿಂದ ಅವರು ಇಲ್ಲಿ ಬರೀ ದೊಡ್ಡಪ್ಪ. ರಕ್ತಸಂಬಂಧವೇನೂ ಇಲ್ಲ. ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಯಲ್ಲಿ ಎದುರು ಮನೆಯವರು, ನಮ್ಮಪ್ಪನಿಗಿಂತ ಐದಾರು ವರ್ಷ ದೊಡ್ಡವರು, ಅಷ್ಟೇ.

ನಾನು ವಾರವಿಡೀ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಂಗಿಯ ಹೊಲಿಗೆಗಳಲ್ಲಿ ತಪ್ಪು ಹುಡುಕುತ್ತೇನೆ, ರಜೆಯ ದಿನ ಮಿಮಿಕ್ರಿ ಮಾಡುತ್ತೇನೆ. ನಾಮಕರಣ, ಆರ್ಕೆಸ್ಟ್ರಾ, ಅಂಗಡಿ ಉದ್ಘಾಟನೆ, ಯಾವುದಾದರೂ ಸರಿ. ನಮ್ಮ ಬೀದಿಯಲ್ಲಿ ನಾನು ಅನುಕರಿಸದ ಮನುಷ್ಯನಿಲ್ಲ. ಹಾಲಿನವನು, ವಾರ್ಡಿನ ಮೆಂಬರು, ಸ್ವಂತ ಅಪ್ಪ, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಮಾಡುತ್ತೇನೆ: ಮೂಗಿನಲ್ಲಿ ಮಾತಾಡಿ, ಎರಡು ಮಾತಿಗೊಂದು 'ಆಕ್ಚುಲಿ' ಸೇರಿಸಿ, ಯಾರಾದರೂ ಗದರಿದೊಡನೆ ನಕ್ಕುಬಿಟ್ಟರೆ ಅದು ನಾನು.

ದೊಡ್ಡಪ್ಪ ನನಗೆ ಗಂಟುಬಿದ್ದದ್ದೂ ಅವರನ್ನು ಅನುಕರಿಸುವಾಗಲೇ. ನಲವತ್ತು ವರ್ಷ ಊರಿನ ಪವರ್‌ಲೂಮುಗಳನ್ನು ರಿಪೇರಿ ಮಾಡಿದವರು. ಲಾಳಿ ಅತ್ತಿಂದಿತ್ತ ಹಾರಿ ಬಡಿಯುವ ಸದ್ದಿನಲ್ಲೇ ಬದುಕಿ ಎರಡೂ ಕಿವಿ ಹೋಗಿದ್ದವು. ನಮ್ಮ ಬೀದಿಯಲ್ಲಿ ಎಲ್ಲರ ಕಿವಿಯೂ ಅಷ್ಟಕ್ಕಷ್ಟೇ. ಕರೆಂಟು ಹೋಗಿ ಮಗ್ಗ ನಿಂತರೂ ನಾವು ಕೂಗಿಯೇ ಮಾತಾಡುತ್ತೇವೆ, ಬೇರೆ ಊರಿನಿಂದ ಹೆಣ್ಣು ನೋಡಲು ಬಂದವರು ಜಗಳವೆಂದು ಹೆದರುತ್ತಾರೆ. ಆದರೆ ದೊಡ್ಡಪ್ಪನಿಗೆ ಪೂರ್ತಿ ಶೂನ್ಯ. ಮಗ್ಗದ ಮನೆಯಲ್ಲಿ ಕಲಿತ ಹಾಗೆ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಅವತ್ತು ಟೀ ಅಂಗಡಿಯಲ್ಲಿ ಅವರು ಬೆನ್ನು ಹಾಕಿ ನಿಂತಿದ್ದಾಗ ನಾನು ಅವರದೇ ಗಂಟಲಿನಲ್ಲಿ "ಏಯ್, ಎಳೆ ಕಡಿದೈತೆ, ನಿಲ್ಸೋ ಮಗ್ಗ!" ಎಂದೆ. ಎಲ್ಲರೂ ನಕ್ಕರು. ದೊಡ್ಡಪ್ಪ ತಿರುಗಿ ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿದರು, ಕಡೆಗೆ ನನ್ನನ್ನು.

"ನಂದೇನ್ಲಾ ಮಾಡಿದ್ದು?"

ನಾನು ನಕ್ಕುಬಿಟ್ಟೆ.

"ಮನುಷ್ಯರದ್ದು ಯಾವನ್ ಬೇಕಾದ್ರೂ ಮಾಡ್ತಾನೆ. ಇಂಜಿನ್ದು ಮಾಡಕ್ ಬರುತ್ತೇನ್ಲಾ?"

ಹೀಗೆ ನಾನು ಅವರ ಕಾರಿನ ಹತ್ತಿರ ಹೋದೆ.

ಅದೊಂದು ಅಮೇರಿಕದ ಕಾರು, ಸ್ಟೇರಿಂಗ್ ಮಾತ್ರ ನಮ್ಮ ಕಡೆಯ ಹಾಗೆ ಬಲಕ್ಕೆ. ಹಿಂದೆ ಎರಡು ರೆಕ್ಕೆ, ಮುಂದೆ ಹಲ್ಲು ಕಿರಿದ ಬಾಯಿ, ನಮ್ಮ ಬೀದಿಯ ಅಗಲಕ್ಕೆ ಸಂಬಂಧವೇ ಇಲ್ಲದ ಮೈ. ಹೊಸಕೋಟೆ ಕಡೆಯ ರೇಷ್ಮೆ ವ್ಯಾಪಾರಿಯೊಬ್ಬರ ಗೋಡೌನಿನ ಹಿಂದೆ ವರ್ಷಗಟ್ಟಲೆ ನಿಂತು, ಕೋಳಿಗಳು ಅದರಲ್ಲಿ ಮೂರು ತಲೆಮಾರು ಮಾಡಿದ್ದವಂತೆ. ಗೋಡೌನು ಖಾಲಿ ಮಾಡುವಾಗ ದೊಡ್ಡಪ್ಪ ಕೇಳಿ, ಟ್ರ್ಯಾಕ್ಟರಿಗೆ ಕಟ್ಟಿಸಿ ತಂದರು. ಮೊದಲು ನಾಲ್ಕು ಮಗ್ಗವಿದ್ದ ಅವರ ಶೆಡ್ಡಿನಲ್ಲಿ ನಿಲ್ಲಿಸಿದರೆ ರೆಕ್ಕೆಗಳು ಎರಡು ಅಡಿ ಹೊರಗೆ. ಅದಕ್ಕೊಂದು ಗೋಣಿಪರದೆ. ಮೂಲದ ಇಂಜಿನ್ ಯಾವ ಕಾಲಕ್ಕೋ ಸತ್ತಿತ್ತು. ಒಂದು ಹಳೆಯ ವ್ಯಾನಿನ ಡೀಸೆಲ್ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕೂರಿಸಿದರು. ಅದು ಉದ್ದದಲ್ಲಿ ಹೊಂದದ್ದರಿಂದ, ಗೇರಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಕಬ್ಬಿಣದ ಶಾಫ್ಟನ್ನು ಕತ್ತರಿಸಿ, ತುಂಡು ಸೇರಿಸಿ, ಬೇರೆ ಕೀಲು ಹಾಕಿಸಿದರು. ಈ ಕೀಲನ್ನು ನೆನಪಿಟ್ಟುಕೊಳ್ಳಿ. ನನಗಂತೂ ಮರೆಯುವ ಯೋಗವಿಲ್ಲ.

ಬಣ್ಣ ಬಳಿಸಲು ಹೋದಾಗ ಪೇಂಟಿನ ಅಂಗಡಿಯವನು ಬಣ್ಣದ ಪುಸ್ತಕ ಕೊಟ್ಟರೆ ದೊಡ್ಡಪ್ಪ ಅದನ್ನು ಮಡಿಸಿಟ್ಟು, ಜೇಬಿನಿಂದ ಸೀರೆಯ ಸೆರಗಿನ ತುಂಡೊಂದನ್ನು ತೆಗೆದು "ಇದೇ ಬಣ್ಣ" ಎಂದರು. ಗಿಳಿ ಹಸಿರು.

"ಆ ಸೀರೆ ನಂಗೆ ಬೇಕು ಅಂತ ಎರಡು ವರ್ಷ ಕೇಳಿದ್ದೆ" ಎಂದರು ದೊಡ್ಡಮ್ಮ. "ಕೊನೆಗೆ ಕಾರಿಗೆ ಉಡಿಸಿದ್ರು."

ಆದರೆ ಕಾರಿನ ಕೆಲಸವೆಲ್ಲ ನಡೆದದ್ದು ದೊಡ್ಡಮ್ಮನಿಗಾಗಿಯೇ. ಅವರ ಎರಡೂ ಮಂಡಿ ಸವೆದಿದ್ದವು. ಬಸ್ಸಿನ ಮೆಟ್ಟಿಲು ಹತ್ತಲು ಆಗದು, ಆಟೋದಲ್ಲಿ ಕಾಲು ಮಡಿಸಲು ಆಗದು. ಒಡಹುಟ್ಟಿದ ತಂಗಿ ದೇವನಹಳ್ಳಿಯ ಆಚೆ ನಲ್ಲೂರಿನಲ್ಲಿ, ಅಲ್ಲಿನ ಹಳೇ ಹುಣಸೆ ತೋಪಿನ ಪಕ್ಕದಲ್ಲೇ ಇದ್ದರೂ ನಾಲ್ಕು ವರ್ಷದಿಂದ ಮುಖ ನೋಡಿರಲಿಲ್ಲ. ದೊಡ್ಡಪ್ಪ ಕಾರಿನ ಮುಂದಿನ ಉದ್ದ ಸೀಟನ್ನು ಗರಗಸದಲ್ಲಿ ಕೊಯ್ದು ಎರಡು ಮಾಡಿದರು. ಎಡಗಡೆಯದನ್ನು ಹಳೇ ಮಗ್ಗದ ಬೇರಿಂಗಿನ ಮೇಲೆ ಕೂರಿಸಿ, ಬಾಗಿಲ ಕಡೆಗೆ ತಿರುಗುವಂತೆ ಮಾಡಿದರು. ದೊಡ್ಡಮ್ಮ ನಿಂತಲ್ಲೇ ಕೂತರೆ ಸಾಕು, ಸೀಟು ಅವರನ್ನು ಒಳಗೆ ತಿರುಗಿಸಿಕೊಳ್ಳುತ್ತಿತ್ತು. ಮೊದಲ ಪ್ರಯೋಗ ನನ್ನ ಮೇಲೆ. ಸೀಟು ಎಷ್ಟು ಸಲೀಸಾಗಿ ತಿರುಗಿತೆಂದರೆ ನಾನು ಒಳಗೆ ಹೋಗುವ ಬದಲು ಚರಂಡಿಯ ಪಕ್ಕ ಹೋಗಿ ಬಿದ್ದೆ. "ಒಂದು ಚಿಲ್ಕ ಬೇಕು" ಎಂದಷ್ಟೇ ಹೇಳಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. ನನ್ನ ಮೊಣಕೈ ನೋಡಲೇ ಇಲ್ಲ.

ನನ್ನ ಕೆಲಸ ಕೇಳುವುದು. ಹಿಂದಿನ ಚಕ್ರಗಳು ಗಾಳಿಯಲ್ಲಿರುವಂತೆ ಕಾರನ್ನು ಮಗ್ಗದ ಮರದ ದಿಮ್ಮಿಗಳ ಮೇಲೆ ಎತ್ತಿಟ್ಟು, ಇಂಜಿನ್ ಹಚ್ಚಿ, ಗೇರಿಗೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿ, ದಿಮ್ಮಿ ಜಾರಿದರೆ ನನ್ನ ಯಾವ ಭಾಗ ಮೊದಲು ಹೋಗುತ್ತದೆಂದು ಲೆಕ್ಕ ಹಾಕುತ್ತ ಕೇಳಿಸಿಕೊಳ್ಳಬೇಕು. ಆಮೇಲೆ ಎದ್ದು ನಿಂತರೆ, "ಗಂಟ್ಲು ಕೊಡು" ಎನ್ನುವರು. ಗ್ರೀಸಿನ ಅಂಗೈ ನನ್ನ ಗಂಟಲ ಮೇಲೆ ಬರುತ್ತಿತ್ತು. ನಾನು ಕೇಳಿದ ಸದ್ದನ್ನೆಲ್ಲ ಬಾಯಲ್ಲಿ ಮಾಡುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೈಯಲ್ಲಿ ಕೇಳುತ್ತಿದ್ದರು. ಬರೀ ಇಂಜಿನ್ ಮುಟ್ಟಿದರೆ ಎಲ್ಲ ನಡುಕವೂ ಒಂದೇ ಆಗುತ್ತದಂತೆ. ನನ್ನ ಗಂಟಲಲ್ಲಿ ಅವು ಬಿಡಿಬಿಡಿಯಾಗಿ ಸಿಗುತ್ತಿದ್ದವು. ಹೀಗೆ ಒಂದು ಸಡಿಲ ಬೋಲ್ಟು, ಒಂದು ಹರಿದ ಬೆಲ್ಟು, ಇಂಜಿನ್ ಕೆಳಗೆ ಗೂಡು ಕಟ್ಟಿದ್ದ ಇಲಿಯನ್ನೂ ಹಿಡಿದಿದ್ದೇವೆ.

ನನ್ನ ಚಾಳಿ ಬಿಡುತ್ತಿರಲಿಲ್ಲ. ನಡುವೆ ಒಂದು ಲಾರಿಯ ಹಾರನ್ನೋ ಎಮ್ಮೆಯ ಕೂಗನ್ನೋ ಸೇರಿಸುತ್ತಿದ್ದೆ. ಕೂಡಲೇ ತಲೆಯ ಮೇಲೊಂದು ಬೀಳುತ್ತಿತ್ತು. "ಇರೋದು ಇದ್ದಂಗೆ ಮಾಡ್ಲಾ. ನಿನ್ ಬುದ್ಧಿ ಸೇರಿಸ್ಬೇಡ."

ಸೇರಿಸುವುದನ್ನು ಬಿಟ್ಟೆ. ಕಳೆಯಬಾರದೆಂದು ಅವರು ಹೇಳಿರಲಿಲ್ಲ.

ಶನಿವಾರ ಮಧ್ಯಾಹ್ನ. ಮರುದಿನ ಬೆಳಿಗ್ಗೆ ನಲ್ಲೂರಿಗೆ ಮೊದಲ ಪಯಣ. ದೊಡ್ಡಮ್ಮ ಆಗಲೇ ತಂಗಿಗೆ ಫೋನು ಮಾಡಿ "ಬರ್ತೀವಿ ಕಣೇ, ಕಾರಲ್ಲಿ!" ಎಂದು ಇಡೀ ಬೀದಿಗೆ ಕೇಳಿಸಿದ್ದರು. ಹೊಸ ರವಿಕೆ ಹೊಲಿದು ಬಂದಿತ್ತು. ಇದಕ್ಕೆ ಮುಂಚೆ ಮೂರು ಸಲ ದಿನ ಗೊತ್ತು ಮಾಡಿ, ಮೂರು ಸಲವೂ ನಾನು ಏನೋ ಕೇಳಿಸಿಕೊಂಡು ಹೇಳಿ, ದೊಡ್ಡಪ್ಪ ಎಲ್ಲವನ್ನೂ ಬಿಚ್ಚಿ ಹರಡಿ, ಪಯಣ ನಿಂತಿತ್ತು. ಮೂರನೆಯ ಸಲ ದೊಡ್ಡಮ್ಮ ಪಯಣಕ್ಕೆಂದು ಉಟ್ಟಿದ್ದ ಸೀರೆ ಬದಲಿಸಿ ಬಂದು ಮಡಿಸಿಡುತ್ತಿದ್ದುದನ್ನು ನಾನು ಬಾಗಿಲಿಂದ ನೋಡಿದ್ದೆ. ಅದಲ್ಲದೆ, ನನಗೂ ಭಾನುವಾರ ಸಂಜೆ ದೇವನಹಳ್ಳಿಯಲ್ಲಿ ಕಾರ್ಯಕ್ರಮವಿತ್ತು. ಕಾರಲ್ಲಿ ಹೋಗಿ ಇಳಿಯುವ ಗತ್ತು ನೆನೆದು ಎರಡು ದಿನದಿಂದ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಇಂಜಿನ್ ಹಚ್ಚಿದರು. ಢಗ ಢಗ ಢಗ. ಕಿವಿಗೊಟ್ಟೆ. ಅದರಡಿಯಲ್ಲಿ, ಕಾರಿನ ಹೊಟ್ಟೆಯ ನಡುವೆಲ್ಲೋ, ಸಣ್ಣದಾಗಿ: ಟಿಕ್. ಚಕ್ರ ತಿರುಗಿದಂತೆ ಮತ್ತೆ: ಟಿಕ್. ಒಂದೇ ಸಮ, ಗಡಿಯಾರದ ಹಾಗೆ.

ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆ ಒಂದು ಪಾಠ ತೊಟ್ಟಿಲಲ್ಲೇ ಆಗಿರುತ್ತದೆ: ಸಮಕ್ಕೆ ಬಡಿಯುವ ಸದ್ದು ಒಳ್ಳೆಯ ಸದ್ದು, ಬಡಿತ ತಪ್ಪಿದರೆ ಎದ್ದು ನೋಡಬೇಕು. ಮಗ್ಗಕ್ಕೆ ಅದು ಸರಿ. ಕಾರಿಗೆ ಸರಿಯೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲ.

"ಗಂಟ್ಲು ಕೊಡು."

ಢಗ ಢಗ ಢಗ ಎಂದೆ. ಬೆಲ್ಟಿನ ಸುಯ್ಯೆನ್ನುವುದನ್ನು ಸೇರಿಸಿದೆ. ಟಿಕ್ ಬರಬೇಕಾದಲ್ಲೆಲ್ಲ ಎಂಜಲು ನುಂಗಿದೆ.

"ಅಷ್ಟೇನಾ?"

"ಅಷ್ಟೇ ದೊಡ್ಡಪ್ಪ."

ಕೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ತೆಗೆದು, ಬಟ್ಟೆಗೆ ಒರೆಸಿಕೊಂಡು, "ಬೆಳಿಗ್ಗೆ ಏಳಕ್ಕೆ ಬಾ" ಎಂದರು.

ಭಾನುವಾರ ಹೊರಟೆವು. ಡ್ರೈವಿಂಗಿಗೆ ದೊಡ್ಡಪ್ಪ, ತಿರುಗುವ ಸೀಟಿನಲ್ಲಿ ದೊಡ್ಡಮ್ಮ, ಹಿಂದೆ ನಾನು. ಕಿವಿಯ ಬದಲು ನನ್ನ ಕೈ: ಹಿಂದಿನಿಂದ ಹಾರನ್ ಬಂದರೆ ದೊಡ್ಡಪ್ಪನ ಭುಜಕ್ಕೆ ಒಂದು ತಟ್ಟು, ಯಾರಾದರೂ ದಾಟುತ್ತಿದ್ದರೆ ಎರಡು, ನಿಲ್ಲಿಸಬೇಕಾದರೆ ಮೂರು. ಗಂಟೆಗೆ ನಲವತ್ತರ ಮೇಲೆ ಹೋಗಲಿಲ್ಲವಾದ್ದರಿಂದ ಏರ್‌ಪೋರ್ಟ್ ಟ್ಯಾಕ್ಸಿ, ಜಲ್ಲಿ ಲಾರಿ ಎಲ್ಲವೂ, ಹುಲ್ಲಿನ ಗಾಡಿಯೊಂದನ್ನು ಬಿಟ್ಟು, ನಮ್ಮನ್ನು ದಾಟಿದವು. ನಾನು ಅವರ ಭುಜದ ಮೇಲೆ ತಬಲ ಬಾರಿಸುತ್ತಿದ್ದೆ. ಬೈಕಿನವರು ಪಕ್ಕಕ್ಕೆ ಬಂದು ಫೋಟೋ ತೆಗೆದರು. ದೊಡ್ಡಪ್ಪ ಯಾರನ್ನೂ ನೋಡಲಿಲ್ಲ, ನೋಡುತ್ತಿಲ್ಲವೆಂದು ಎಲ್ಲರಿಗೂ ಕಾಣುವ ಹಾಗೆ ಕೂತಿದ್ದರು.

ಊರು ದಾಟಿ ಮೂರು ಮೈಲಿಗೆ ಟಿಕ್ ನನ್ನ ಕಾಲ ಕೆಳಗೆ ಬಂತು. ನಿನ್ನೆಗಿಂತ ದಪ್ಪ. ಟಿಕ್ ಅಲ್ಲ, ಟಕ್.

ಕಾರಿನಲ್ಲಿ ಮೂವರಿದ್ದೆವು, ಅದು ಕೇಳುತ್ತಿದ್ದದ್ದು ಒಬ್ಬನಿಗೆ. ದೊಡ್ಡಮ್ಮ, ತಂಗಿ ಹಿದಕಬೇಳೆ ಸಾರು ಮಾಡಿರುತ್ತಾಳೋ ಇಲ್ಲವೋ ಎಂದು ತಮ್ಮೊಡನೆ ತಾವೇ ವಾದ ಮಾಡುತ್ತಿದ್ದರು. ಹೇಳಿಬಿಡಬೇಕು. ಹೇಳಿದರೆ ಮೊದಲು ಕೇಳುವುದು "ಯಾವಾಗಿಂದ?" ಎಂದು. ಅದಕ್ಕೆ ನನ್ನ ಬಳಿ ಒಂದೇ ಉತ್ತರವಿತ್ತು, ಅದು ಬಾಯಿಗೆ ಬರುತ್ತಿರಲಿಲ್ಲ. ಇನ್ನೊಂದು ಕಿಲೋಮೀಟರು ನೋಡೋಣ ಎಂದುಕೊಂಡೆ. ಆ ತಿರುವು ಕಳೆಯಲಿ. ಆ ಲಾರಿ ಹೋಗಲಿ. ಕೈ ಎತ್ತಿದೆ. ಅಷ್ಟರಲ್ಲಿ ಹಿಂದೆ ಹಾರನ್ ಬಂತು, ಒಂದು ತಟ್ಟಿ ಇಳಿಸಿದೆ. ಸಮಕ್ಕೆ ಬಡೀತಿದೆ, ಸಮಕ್ಕೆ ಬಡೀತಿದೆ ಎಂದು ಮಂತ್ರ ಹೇಳಿಕೊಂಡೆ. ದಿನವೂ ಹತ್ತು ಗಂಟಲಿನಲ್ಲಿ ಮಾತಾಡುವವನಿಗೆ ಅವತ್ತು ಸ್ವಂತದ್ದೊಂದು ಸಿಗಲಿಲ್ಲ.

ದ್ರಾಕ್ಷಿ ತೋಟವೊಂದರ ಪಕ್ಕದ ಇಳಿಜಾರಿನಲ್ಲಿ ಸದ್ದು ಬದಲಾಯಿತು. ಟಕ್. ಟಕ್. ಆಮೇಲೆ ಏನೂ ಇಲ್ಲ. ಆಮೇಲೆ ಟಕಟಕ್.

ಬಡಿತ ತಪ್ಪಿತ್ತು.

ಮೂರು ಸಲ ತಟ್ಟಿದೆ. ಕೇಳಿಸಲಿಲ್ಲವೇನೋ ಎಂಬಂತೆ ಮತ್ತೆ ಮೂರು, ಮತ್ತೆ ಮೂರು. ದೊಡ್ಡಪ್ಪ ನಿಧಾನಕ್ಕೆ ಕಾರನ್ನು ರಸ್ತೆಯಿಂದ ಇಳಿಸಿ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಹಿಂದಕ್ಕೆ ತಿರುಗಿದರು.

"ಏನ್ಲಾ, ಉಚ್ಚೆನಾ?"

ಅವರ ಕೈಯನ್ನು ಹಿಡಿದು ನನ್ನ ಗಂಟಲ ಮೇಲೆ ನಾನೇ ಇಟ್ಟುಕೊಂಡೆ. ಢಗ ಢಗ ಢಗ, ಟಿಕ್. ಢಗ ಢಗ ಢಗ, ಟಿಕ್. ಆಮೇಲೆ ಟಕ್. ಆಮೇಲೆ ತಪ್ಪಿದ ಬಡಿತ. ನಿನ್ನೆಯಿಂದ ಇಲ್ಲಿಯವರೆಗಿನದೆಲ್ಲವನ್ನೂ ಕ್ರಮವಾಗಿ ಮಾಡಿ ತೋರಿಸಿದೆ. ದೊಡ್ಡಪ್ಪ ಕಣ್ಣು ಮುಚ್ಚಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾವಾಗಿಂದ?"

"ನಿನ್ನೆಯಿಂದ" ಎಂದೆ. ಅವರು ನನ್ನ ತುಟಿಯಿಂದ ಮಾತು ಹಿಡಿದರು.

ಇಂಜಿನ್ ನಿಲ್ಲಿಸಿ, ಇಳಿದು, ಪಂಚೆ ಮೇಲೆತ್ತಿ ಕಟ್ಟಿ ಕಾರಿನ ಕೆಳಗೆ ತೆವಳಿದರು. ನಾನೂ ತೆವಳಿದೆ. ಶಾಫ್ಟಿನ ಕೀಲನ್ನು ಹಿಡಿದಿಡುವ, ಬೆರಳುಗಾತ್ರದ ಒಂದು ಕಬ್ಬಿಣದ ಬಟ್ಟಲು ಮುಕ್ಕಾಲು ಭಾಗ ಹೊರಗೆ ಬಂದು ನೇತಾಡುತ್ತಿತ್ತು. ಅದು ಬಿದ್ದಿದ್ದರೆ ಶಾಫ್ಟಿನ ತುದಿ ರಸ್ತೆಗೆ ನಾಟಿ, ಆ ಇಳಿಜಾರಿನಲ್ಲಿ, ಆ ಲಾರಿಗಳ ನಡುವೆ ಏನಾಗುತ್ತಿತ್ತೆಂದು ಅವರು ವಿವರಿಸಲಿಲ್ಲ. ಬಿಸಿಯಾಗಿದ್ದ ಕೀಲಿನ ಮೇಲೆ ಕೈಯಿಟ್ಟುಕೊಂಡೇ ಮಲಗಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, ಹೆಂಡತಿಗೆ ಕೇಳಬಾರದೆಂದು ಪಿಸುಗುಟ್ಟಿದರು:

"ನಿನ್ನೆ ನೀನು ಎಂಜಲು ನುಂಗಿದ್ದು ಕೈಗೆ ಗೊತ್ತಾಯ್ತು ಕಣ್ಲಾ. ಏನೋ ಮುಚ್ಚಿಡ್ತಾ ಅವ್ನೆ ಅಂತ ಗೊತ್ತಾಯ್ತು. ಆದ್ರೂ ಹೊರಟುಬಿಟ್ಟೆ. ಅವ್ಳು ರವಿಕೆ ಹೊಲಿಸಿದ್ಲು."

ಕಿವಿ ಕೇಳದವರ ಪಿಸುಮಾತು ಎಷ್ಟು ದೂರ ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ದ್ರಾಕ್ಷಿ ತೋಟದ ಕಾವಲುಗಾರನೂ ತಲೆಯೆತ್ತಿ ನೋಡಿದ.

ಮೇಲೆ ಚಿಲಕ ತೆಗೆದ ಸದ್ದಾಯಿತು. ಸೀಟು ತಿರುಗಿತು. ದೊಡ್ಡಮ್ಮನ ಎರಡು ಪಾದಗಳು ನಮ್ಮ ಮುಖದ ಪಕ್ಕ ನೆಲಕ್ಕೆ ಇಳಿದವು.

"ಇಬ್ರೂ ಹೊರಗ್ ಬನ್ನಿ."

ಬಂದೆವು. ದೊಡ್ಡಮ್ಮ ದೊಡ್ಡಪ್ಪನಿಗೆ ತುಟಿ ಕಾಣುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಅವನಿಗೂ ಗೊತ್ತಿತ್ತು. ನಿಮಗೂ ಗೊತ್ತಿತ್ತು. ಕೂತ್ಕೊಂಡು ಬಂದೋಳು ನಾನು. ನಂಗೊಂದ್ ಮಾತು ಹೇಳಕ್ಕೆ ಇಬ್ರಿಗೂ ಬಾಯಿ ಬರ್ಲಿಲ್ವಾ?"

"ನಿನ್ ಆಸೆ..." ಎಂದರು ದೊಡ್ಡಪ್ಪ.

"ನನ್ ರವಿಕೆ ಮೇಲೆ ಹಾಕ್ಬೇಡ್ರಿ. ನಾಲ್ಕು ವರ್ಷ ಕಾದಿದ್ದೆ, ಇನ್ನೊಂದ್ ವಾರ ಕಾಯ್ತಿರ್ಲಿಲ್ವಾ? ಅವಳಿಗೆ ಬೇಜಾರಾಗುತ್ತೆ, ಅವಳಿಗೆ ಬೇಜಾರಾಗುತ್ತೆ ಅಂತ ಇಬ್ರೂ ಸೇರ್ಕೊಂಡು ನನ್ನ ಸಾಯಿಸೋರು."

ನಾನು ಅಭ್ಯಾಸಬಲದಿಂದ ನಕ್ಕುಬಿಟ್ಟೆ. ಅವರು ನನ್ನ ಕಡೆ ನೋಡಿದರು. ಆ ನೋಟದ ನಂತರ ಎಷ್ಟೋ ದಿನ ನಗುವಾಗ ನನಗೆ ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ.

ತಂಗಿಯ ಮಗ ನಲ್ಲೂರಿನಿಂದ ಟ್ರ್ಯಾಕ್ಟರ್ ತಂದ. ಶಾಫ್ಟನ್ನು ಬಿಚ್ಚಿ ಡಿಕ್ಕಿಯಲ್ಲಿಟ್ಟು, ಮುಂದೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಗಿಳಿ ಹಸಿರು ಕಾರು ಟ್ರ್ಯಾಕ್ಟರಿನ ಹಿಂದೆ ನಲ್ಲೂರು ಹೊಕ್ಕಾಗ ದೊಡ್ಡಪ್ಪ ಸ್ಟೇರಿಂಗ್ ಹಿಡಿದು, ಟ್ರ್ಯಾಕ್ಟರನ್ನು ತಾವೇ ಹಿಂದಿನಿಂದ ತಳ್ಳುತ್ತಿರುವಂತೆ ಕೂತಿದ್ದರು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು. ಹಿದಕಬೇಳೆ ಸಾರೇ ಮಾಡಿದ್ದರು. ದೊಡ್ಡಮ್ಮ ನಮ್ಮಿಬ್ಬರಿಗೂ ಬಡಿಸಲಿಲ್ಲ, ತಂಗಿಯೇ ಬಡಿಸಿದರು. ಸಂಜೆಯ ಕಾರ್ಯಕ್ರಮಕ್ಕೆ ನಾನು ಬಸ್ಸಿನಲ್ಲಿ ಹೋದೆ.

ಮುಂದಿನ ಭಾನುವಾರ ಹೋದರೆ ದೊಡ್ಡಪ್ಪ ಹೊಸ ಕೀಲು ಹಾಕಿ ಮುಗಿಸಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಇಂಜಿನ್ ಹಚ್ಚಿದರು, ನಾನು ಮಲಗಿ ಕೇಳಿಸಿಕೊಂಡೆ, ಗಂಟಲು ಕೊಟ್ಟೆ. ಇದ್ದದ್ದನ್ನೆಲ್ಲ ಮಾಡಿದೆ. ಎಲ್ಲ ಕೇಳಿದ ಮೇಲೆ ಇಂಜಿನ್ ನಿಲ್ಲಿಸಿ, ತಾವೇ ಕೆಳಗೆ ತೆವಳಿ, ಒಂದೊಂದು ಬೋಲ್ಟನ್ನೂ ಒಂದೊಂದು ಕೀಲನ್ನೂ ಬೆರಳಿನಲ್ಲಿ ಅಲ್ಲಾಡಿಸಿ ನೋಡಿದರು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಆಮೇಲೆ ಪ್ರತಿ ಸಲವೂ ಮಾಡಿದರು. ಅದಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ನಾನು ಟಾರ್ಚ್ ಹಿಡಿದು ನಿಂತಿರುತ್ತಿದ್ದೆ. ಒಮ್ಮೆಯೂ ನನ್ನನ್ನು ಆಡಿಕೊಳ್ಳಲಿಲ್ಲ, ಆ ದಿನದ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನಾನು ಏನಾದರೂ ಹಾಸ್ಯ ಮಾಡಿ ಹಗುರಾಗಿಬಿಡುತ್ತಿದ್ದೆ.

ಆ ಕಾರು ಅವರನ್ನು ಐದು ಸಲ ನಲ್ಲೂರಿಗೆ, ಒಂದು ಸಲ ನಮ್ಮೂರ ಹತ್ತಿರದ ಮಧುರೆಯ ಶನಿದೇವರ ಗುಡಿಗೆ ಕರೆದೊಯ್ದು ಸುರಕ್ಷಿತವಾಗಿ ತಂದಿತು. ಪ್ರತಿ ಸಲ ಹೊರಡುವ ಮುಂಚೆ ಕಾರಿನ ಪಕ್ಕ ನಿಂತು ದೊಡ್ಡಮ್ಮ ಇಬ್ಬರನ್ನೂ ಕೇಳುತ್ತಿದ್ದರು. ಮೊದಲು ನನ್ನನ್ನು, ಆಮೇಲೆ ಅವರನ್ನು. ಇಬ್ಬರೂ ಹೂಂ ಎಂದ ಮೇಲೆಯೇ ಕೂರುತ್ತಿದ್ದರು.

ಮೂರು ತಿಂಗಳ ಹಿಂದೆ ದೊಡ್ಡಪ್ಪ ಹೋದರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದು ಕೂತರು, ಆಸ್ಪತ್ರೆ ತಲುಪಲಿಲ್ಲ. ಕಾರು ಗೋಣಿಪರದೆಯ ಹಿಂದೆಯೇ ಇತ್ತು.

ಇವತ್ತು ತಂಗಿಗೆ ಹುಷಾರಿಲ್ಲವೆಂದು ಸುದ್ದಿ ಬಂದು, ತಂಗಿಯ ಮಗ ಬಂದಿದ್ದಾನೆ. ಅವನೇ ಓಡಿಸುತ್ತಾನೆ. ಹಿಂದಿನ ಚಕ್ರಗಳನ್ನು ದಿಮ್ಮಿಯ ಮೇಲೆ ಎತ್ತಿಟ್ಟಿದ್ದಾಯಿತು. ಇಂಜಿನ್ ಎರಡನೆಯ ಸಲಕ್ಕೇ ಹತ್ತಿತು. ಗೋಣಿಚೀಲ ಹಾಸಿಕೊಂಡು ಮಲಗಿ ಕೇಳಿಸಿಕೊಂಡೆ. ಢಗ ಢಗ ಢಗ. ಬೆಲ್ಟು ಸರಿ. ಕೀಲು ಸರಿ. ಟಿಕ್ ಇಲ್ಲ. ಇಂಜಿನ್ ನಿಲ್ಲಿಸಿ ಕೆಳಗೆ ತೆವಳಿ ಒಂದೊಂದನ್ನೂ ಬೆರಳಿನಲ್ಲಿ ಅಲ್ಲಾಡಿಸಿದೆ, ಅವರು ಮಾಡುತ್ತಿದ್ದ ಕ್ರಮದಲ್ಲೇ. ಯಾವುದೂ ಅಲ್ಲಾಡಲಿಲ್ಲ. ಅಲ್ಲಾಡದ್ದು ಬಿಗಿಯಾಗಿರುವುದರಿಂದಲೋ ನನ್ನ ಬೆರಳಿಗೆ ಗೊತ್ತಾಗದ್ದರಿಂದಲೋ, ಕೇಳೋಣವೆಂದರೆ ಯಾರೂ ಇಲ್ಲ.

ಹೊರಗೆ ಬಂದೆ. ದೊಡ್ಡಮ್ಮ ಕೈಯಲ್ಲಿ ಚೀಲ ಹಿಡಿದು, ಗೋಡೆಗೆ ಒರಗಿ ನಿಂತಿದ್ದರು.

"ಸರಿ ಇದೆಯೇನಪ್ಪಾ?"

ತಂಗಿಯ ಮಗ ನನ್ನ ಬಾಯಿ ನೋಡಿದ.

"ನೀನು ಹೂಂ ಅಂದ್ರೆ ಕೂತ್ಕೋತೀನಿ" ಎಂದರು ದೊಡ್ಡಮ್ಮ. "ಇಲ್ಲ ಅಂದ್ರೂ ಬೇಜಾರಿಲ್ಲ."

ಏನೂ ಕೇಳಿಸಿರಲಿಲ್ಲ. ನಿಜವಾಗಿಯೂ ಏನೂ ಕೇಳಿಸಿರಲಿಲ್ಲ. ಹೂಂ ಎನ್ನಲು ಬಾಯಿ ತೆರೆದೆ.

"ಇನ್ನೊಂದ್ ಸಲ ಸ್ಟಾರ್ಟ್ ಮಾಡು ಗುರು" ಎಂದು ಅವನಿಗೆ ಹೇಳಿ, ಮತ್ತೆ ಗೋಣಿಚೀಲದ ಮೇಲೆ ಮಲಗಿದೆ.